ಟ್ರೇಲರ್ ಓಲಾಟಕ್ಕೆ ಯಾವ ಹಿಚ್? ಫ್ರಿಕ್ಷನ್ ಮತ್ತು ಲಿಂಕೇಜ್ ಹಿಚ್‌ಗಳ ಹೋಲಿಕೆ

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ, ಕೊಳ್ಳುವಾಗ ಮನೆಮಂದಿಯೆಲ್ಲ ಸೇರಿ ನೋಡುವುದು ಮಲಗುವ ಬಂಕ್ ಎಷ್ಟಿದೆ, ಒಲೆ ಎಷ್ಟು ದೊಡ್ಡದು, ಬಾತ್‌ರೂಮಿನಲ್ಲಿ ನೆಟ್ಟಗೆ ನಿಲ್ಲಬಹುದೇ ಅಂತ. ಟ್ರೇಲರನ್ನು ವಾಹನಕ್ಕೆ ಜೋಡಿಸುವ ಹಿಚ್ಚಿನ ವಿಷಯ ಬರುವುದು ಕೊನೆಗೆ, ಕಾಗದಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ. ಡೀಲರ್ ಹತ್ತಿರ ಯಾವುದು ಸ್ಟಾಕ್ ಇದೆಯೋ ಎಷ್ಟೋ ಸಲ ಅದನ್ನೇ ಹಾಕಿ ಕಳಿಸುತ್ತಾರೆ. ಆಮೇಲೆ ಯೆಲ್ಲೋಸ್ಟೋನ್ ದಾರಿಯಲ್ಲಿ, ವಯೋಮಿಂಗ್ ರಾಜ್ಯದ ಐ-80 ಹೆದ್ದಾರಿಯ ಮೇಲೆ, ಲಾರಮಿ ಮತ್ತು ರಾಲಿನ್ಸ್ ನಡುವಿನ ಆ ಬಯಲಲ್ಲಿ ಅಡ್ಡಗಾಳಿ ಶುರುವಾಗುತ್ತದೆ. ಪಕ್ಕದಲ್ಲಿ ದೊಡ್ಡ ಟ್ರಕ್ ಒಂದು ಹಾದುಹೋಗುತ್ತದೆ. ಟ್ರಕ್ಕಿನ ಗಾಳಿ ಮೊದಲು ಟ್ರೇಲರ್‌ನ ಹಿಂಭಾಗವನ್ನು ಆಚೆ ತಳ್ಳುತ್ತದೆ, ಆಮೇಲೆ ಈಚೆ ಎಳೆಯುತ್ತದೆ. ಟ್ರೇಲರ್ ಎಡಕ್ಕೆ ಬಲಕ್ಕೆ ಓಲಾಡಲು ಶುರು ಮಾಡುತ್ತದೆ. ಸ್ಟೀರಿಂಗ್ ಕೈಯಲ್ಲಿದ್ದರೂ ಗಾಡಿ ನಮ್ಮ ಮಾತು ಕೇಳುತ್ತಿಲ್ಲ ಅನ್ನಿಸುತ್ತದೆ.

ಈ ಓಲಾಟಕ್ಕೆ ಇಲ್ಲಿ ಸ್ವೇ ಅನ್ನುತ್ತಾರೆ. ಅದನ್ನು ತಡೆಯಲು 100 ಡಾಲರ್ ಒಳಗಿನ ಬಾರ್‌ನಿಂದ ಹಿಡಿದು 3,000 ಡಾಲರ್ ದಾಟುವ ಹಿಚ್‌ವರೆಗೂ ಸಿಗುತ್ತದೆ. ಎಲ್ಲ ಡಬ್ಬದ ಮೇಲೂ ‘ಸ್ವೇ ಕಂಟ್ರೋಲ್’ ಅಂತಲೇ ಬರೆದಿರುತ್ತದೆ. ಆದರೆ ಅವು ಕೆಲಸ ಮಾಡುವ ರೀತಿ ಒಂದೇ ಅಲ್ಲ. ಒಂದು ಬಗೆಯದು, ಫ್ರಿಕ್ಷನ್ ಹಿಚ್, ಉಜ್ಜುವ ಬಲದಿಂದ ಓಲಾಟವನ್ನು ಬಿಗಿಹಿಡಿದು ತಗ್ಗಿಸಲು ನೋಡುತ್ತದೆ. ಇನ್ನೊಂದು ಬಗೆಯದು, ಕೀಲುಪಟ್ಟಿಗಳಿರುವ ಲಿಂಕೇಜ್ ಹಿಚ್, ಟ್ರೇಲರ್‌ಗೆ ನಮ್ಮ ವಾಹನವನ್ನು ತಿರುಗಿಸುವ ಹಿಡಿತವನ್ನೇ ಕೊಡುವುದಿಲ್ಲ. ಬೆಲೆಯಲ್ಲಿ ಇಷ್ಟು ಅಂತರ ಇರುವುದು ಇದರಿಂದಲೇ. ಆ ಅಂತರ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ತೊಂದರೆಯ ಮೂಲ: ಆ ಐದು ಅಡಿ

ಟ್ರೇಲರ್ ಸಿಕ್ಕಿಸುವ ಬಾಲ್ ಎಂಬ ಲೋಹದ ಗುಂಡು ಇರುವುದು ವಾಹನದ ಬಂಪರ್‌ಗಿಂತ ಆಚೆ. ಹಿಂದಿನ ಆ್ಯಕ್ಸಲ್‌ನಿಂದ ಬಾಲ್‌ವರೆಗಿನ ಆ ದೂರವೇ ಒಂದು ಸನ್ನೆಗೋಲು. ಲೆಕ್ಕಕ್ಕೆ ಒಂದು ವಾಹನ ತೆಗೆದುಕೊಳ್ಳೋಣ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 120 ಇಂಚು. ಹಿಂದಿನ ಆ್ಯಕ್ಸಲ್‌ನಿಂದ ಬಾಲ್‌ಗೆ 60 ಇಂಚು, ಅಂದರೆ ಐದು ಅಡಿ.

ಟ್ರೇಲರ್ ಬಾಲ್ ಮೇಲೆ 800 ಪೌಂಡ್ ಭಾರ ಹಾಕಿತು ಅಂದುಕೊಳ್ಳಿ. ಹಿಂದಿನ ಆ್ಯಕ್ಸಲ್ ಮೇಲೆ ಬೀಳುವುದು 800 ಅಲ್ಲ, 1,200 ಪೌಂಡ್. ಮುಂದಿನ ಆ್ಯಕ್ಸಲ್ 400 ಪೌಂಡ್ ಹಗುರಾಗುತ್ತದೆ. ಹಿಂದುಗಡೆ ಕುಸಿದು, ಮೂತಿ ಎತ್ತಿಕೊಂಡು ಓಡುವ ಪಿಕಪ್‌ಗಳನ್ನು ಹೈವೇಯಲ್ಲಿ ನೀವೂ ನೋಡಿರುತ್ತೀರಿ, ಅಲ್ವಾ? ಅದು ಇದೇ.

ಈಗ ಅದೇ ಸನ್ನೆಗೋಲನ್ನು ಅಡ್ಡಕ್ಕೆ ತಿರುಗಿಸಿ ನೋಡಿ. ಓಲಾಡುವ ಟ್ರೇಲರ್ ಬಾಲನ್ನು ಪಕ್ಕಕ್ಕೆ 100 ಪೌಂಡ್ ಬಲದಿಂದ ತಳ್ಳಿತು. ಹಿಂದಿನ ಟೈರ್‌ಗಳು 150 ಪೌಂಡ್ ತಡೆಯಬೇಕು. ಮುಂದಿನ ಟೈರ್‌ಗಳ ಮೇಲೆ 50 ಪೌಂಡ್ ಬಲ ಉಲ್ಟಾ ದಿಕ್ಕಿನಲ್ಲಿ ಬೀಳುತ್ತದೆ. ಅಂದರೆ ಟ್ರೇಲರ್ ನಮ್ಮ ವಾಹನವನ್ನು ಬರೀ ತಳ್ಳುತ್ತಿಲ್ಲ, ತಿರುಗಿಸುತ್ತಿದೆ. ವಾಹನ ತಿರುಗಿದಾಗ ಬಾಲ್ ಇನ್ನಷ್ಟು ಪಕ್ಕಕ್ಕೆ ಸರಿಯುತ್ತದೆ. ಅದು ಟ್ರೇಲರ್‌ಗೆ ಮತ್ತೊಂದು ತಳ್ಳು ಕೊಡುತ್ತದೆ. ಒಬ್ಬರಿಗೊಬ್ಬರು ಕುಮ್ಮಕ್ಕು ಕೊಟ್ಟ ಹಾಗೆ ಓಲಾಟ ಬೆಳೆಯುವುದು ಹೀಗೆ.

ಭಾರದ ತೊಂದರೆಯೂ ಅಡ್ಡತಳ್ಳಿನ ತೊಂದರೆಯೂ ಒಂದೇ ಐದು ಅಡಿಯಿಂದ ಹುಟ್ಟುತ್ತವೆ. ಆದರೆ ಒಂದಕ್ಕೆ ಹಾಕಿದ ಮದ್ದು ಇನ್ನೊಂದಕ್ಕೆ ತಾನಾಗೇ ಆಗುವುದಿಲ್ಲ. ಖರೀದಿಗೆ ಹೋದಾಗ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಇನ್ನೊಂದು ಮಾತು. ಓಲಾಟಕ್ಕೂ ವೇಗಕ್ಕೂ ನೇರ ಸಂಬಂಧ ಇದೆ. ವೇಗ ಹೆಚ್ಚಿದಷ್ಟೂ ಓಲಾಟ ತಾನಾಗೇ ಅಡಗುವ ಗುಣ ಕಡಿಮೆಯಾಗುತ್ತದೆ. ಒಂದು ಹಂತ ದಾಟಿದರೆ ಅಡಗುವ ಬದಲು ಬೆಳೆಯುತ್ತದೆ. ಗಂಟೆಗೆ 60 ಮೈಲಿ ವೇಗದಲ್ಲಿ ಎರಡು ಸಲ ಅಲ್ಲಾಡಿ ಸುಮ್ಮನಾಗುವ ಟ್ರೇಲರ್ 70ರಲ್ಲಿ ಸುಮ್ಮನಾಗದೇ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗರಿಷ್ಠ 55 ಮೈಲಿ. ಅಲ್ಲಿನ ನಮ್ಮವರು ಈ ನಿಯಮದ ಬಗ್ಗೆ ಗೊಣಗುತ್ತಾರೆ. ನನಗಂತೂ ಅದು ಒಳ್ಳೆಯ ನಿಯಮವೇ.

ಹಿಚ್‌ಗೆ ಮೊದಲು ಮುಂಭಾರ

ಎತ್ತಿನ ಗಾಡಿಗೆ ಹೇರು ಹಾಕುವವರು ಮೂಕಿಯನ್ನು ಎತ್ತಿ ನೋಡುತ್ತಾರೆ. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೇಲರ್‌ಗೂ ಇದೇ ಲೆಕ್ಕ, ಆದರೆ ಇಲ್ಲಿ ಸ್ವಲ್ಪ ಹೆಚ್ಚೇ ಮುಂಭಾರ ಬೇಕು. ಟ್ರೇಲರ್‌ನ ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಬಾಲ್ ಮೇಲೆ ಕೂರಬೇಕು. ಇದಕ್ಕೆ ಟಂಗ್ ವೆಯ್ಟ್ ಅನ್ನುತ್ತಾರೆ. ಸಾಮಾನು ತುಂಬಿದ ಟ್ರೇಲರ್ 6,500 ಪೌಂಡ್ ಇದ್ದರೆ 650ರಿಂದ 975 ಪೌಂಡ್. ನಡುವೆ, 13 ಶೇಕಡಾ ಹತ್ತಿರ ಇದ್ದರೆ ನೆಮ್ಮದಿ.

ಇದು 10ಕ್ಕಿಂತ ಕೆಳಗಿದ್ದರೆ ಯಾವ ಹಿಚ್ ಹಾಕಿದರೂ ದುಡ್ಡು ದಂಡ. ಹಿಂದಿನ ಬಂಪರ್‌ಗೆ ನಾಲ್ಕು ಸೈಕಲ್ ಕಟ್ಟುವುದು, ಜನರೇಟರ್ ಕೂರಿಸುವುದು, ಹಿಂದಿನ ಬಂಕ್ ಕೆಳಗೆ ಸೋನಾ ಮಸೂರಿ ಮೂಟೆ, ರಾಗಿ ಹಿಟ್ಟು, ಗ್ರೈಂಡರ್ ಎಲ್ಲ ಪೇರಿಸುವುದು, ಇವೆಲ್ಲ ಎರಡು ರೀತಿಯಲ್ಲಿ ಕೆಡುಕು. ಒಂದು, ಮುಂಭಾರ ಕಡಿಮೆಯಾಗುತ್ತದೆ. ಎರಡು, ಆ್ಯಕ್ಸಲ್‌ನಿಂದ ದೂರ ಇರುವ ತೂಕ ಒಮ್ಮೆ ಬೀಸತೊಡಗಿದರೆ ನಿಲ್ಲಿಸುವುದು ಕಷ್ಟ. ಭಾರದ ಸಾಮಾನು ಆ್ಯಕ್ಸಲ್ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ, ಕೆಳಗೆ ಇರಲಿ.

ನೀರಿನ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿದರೆ 332 ಪೌಂಡ್. ಆ ಟ್ಯಾಂಕ್ ಆ್ಯಕ್ಸಲ್ ಹಿಂದೆ ಇದ್ದರೆ ನೀರು ತುಂಬಿದ ದಿನ ನಿಮ್ಮ ಟ್ರೇಲರ್ ಬೇರೆಯೇ ಟ್ರೇಲರ್ ಆಗಿರುತ್ತದೆ.

ಇದರ ಜೊತೆಗೇ ನೋಡಬೇಕಾದ್ದು ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿರುವ ಹಳದಿ ಬಿಳಿ ಸ್ಟಿಕರ್. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಅಂತ ಅಲ್ಲಿ ಬರೆದಿರುತ್ತದೆ. ಟಂಗ್ ವೆಯ್ಟ್ ಮತ್ತು ಹಿಚ್ಚಿನ ಸ್ವಂತ ತೂಕ ಎರಡೂ ಈ ಲೆಕ್ಕದೊಳಗೇ ಬರುತ್ತವೆ. ಮನೆಯವರೆಲ್ಲ, ಊರಿಂದ ಬಂದ ಅಪ್ಪ ಅಮ್ಮ, ಐಸ್ ಪೆಟ್ಟಿಗೆ ಸೇರಿದರೆ 1,500 ಪೌಂಡ್ ಬೇಗ ಮುಗಿಯುತ್ತದೆ. ‘7,000 ಪೌಂಡ್ ಎಳೆಯುತ್ತೆ’ ಅನ್ನುವ ಜಾಹೀರಾತಿನ ಮಾತಿಗಿಂತ ಮೊದಲು ಅಡ್ಡ ಬರುವುದು ಈ ಸ್ಟಿಕರ್.

ಭಾರ ಹಂಚುವ ಹಿಚ್ ಮತ್ತು ಫ್ರಿಕ್ಷನ್

ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂದರೆ ಬಾಲ್ ಕೆಳಗಿನ ತಲೆಯಿಂದ ಹೊರಟು ಟ್ರೇಲರ್‌ನ ಮೂತಿಯ ಎರಡೂ ಪಕ್ಕ ಚಾಚಿಕೊಳ್ಳುವ ಎರಡು ಸ್ಪ್ರಿಂಗ್ ಬಾರ್ ಇರುವ ಹಿಚ್. ಬಾರ್‌ಗಳನ್ನು ಬಿಗಿದಾಗ ಅವು ಸನ್ನೆಗೋಲಿಗೆ ಉಲ್ಟಾ ಬಲ ಕೊಡುತ್ತವೆ. ಹಿಂದಿನ ಆ್ಯಕ್ಸಲ್ ಮೇಲಿನ ಹೆಚ್ಚಿನ ಭಾರದಲ್ಲಿ ಒಂದು ಪಾಲು ಮುಂದಿನ ಚಕ್ರಕ್ಕೂ, ಇನ್ನೊಂದು ಪಾಲು ಟ್ರೇಲರ್‌ನ ಚಕ್ರಕ್ಕೂ ಹೋಗುತ್ತದೆ. ಮುಂದಿನ ಟೈರ್ ಮತ್ತೆ ರಸ್ತೆಯನ್ನು ಹಿಡಿಯುತ್ತದೆ, ಸ್ಟೀರಿಂಗ್ ಸರಿಯಾಗುತ್ತದೆ.

ಆದರೆ ಇದು ಭಾರಕ್ಕೆ ಮದ್ದು. ಚೈನ್‌ನಲ್ಲಿ ಬಾರ್ ನೇತು ಹಾಕಿದ ಸಾದಾ ಮಾದರಿಯಲ್ಲಿ ಅಡ್ಡತಳ್ಳನ್ನು ತಡೆಯುವ ಏರ್ಪಾಡು ಹೆಚ್ಚುಕಡಿಮೆ ಇಲ್ಲ. ಅದಕ್ಕೇ ಪಕ್ಕದಲ್ಲಿ ಪ್ರತ್ಯೇಕ ಫ್ರಿಕ್ಷನ್ ಬಾರ್ ಒಂದನ್ನು ಸೇರಿಸುತ್ತಾರೆ. ಒಂದು ಚಪ್ಪಟೆ ಪಟ್ಟಿ ಕವಚದೊಳಗೆ ಉಜ್ಜಿಕೊಂಡು ಹಿಂದೆ ಮುಂದೆ ಸರಿಯುತ್ತದೆ. ಹಿಡಿಕೆ ತಿರುಗಿಸಿ ಎಷ್ಟು ಬಿಗಿ ಬೇಕೋ ಅಷ್ಟು ಬಿಗಿಯಬಹುದು. ಅಗ್ಗ, ಸರಳ. ತೊಂದರೆ ಏನೆಂದರೆ ರಿವರ್ಸ್ ಹೋಗುವ ಮೊದಲು ತೆಗೆಯಬೇಕು, ಇಲ್ಲದಿದ್ದರೆ ಚೂಪು ತಿರುವಿನಲ್ಲಿ ಬಗ್ಗುತ್ತದೆ. ಮಳೆ, ಹಿಮ, ಜಲ್ಲಿ ರಸ್ತೆಯಲ್ಲಿ ಸಡಿಲಿಸಬೇಕು, ಯಾಕಂದ್ರೆ ಜಾರುವ ರಸ್ತೆಯಲ್ಲಿ ಬಿಗಿ ಹಿಚ್ ವಾಹನವನ್ನು ನೇರಕ್ಕೇ ಒಯ್ಯಬಹುದು. ಎಣ್ಣೆ, ಪೇಂಟ್ ತಾಗಿಸಬಾರದು. ಚಿಕ್ಕ ಹಗುರ ಟ್ರೇಲರ್‌ಗೆ ಸಾಕು. ಅದಕ್ಕಿಂತ ಮೇಲೆ ನಾನು ಇದನ್ನು ಹೇಳುವುದಿಲ್ಲ.

ಉಜ್ಜುವ ಏರ್ಪಾಡು ಹಿಚ್ಚಿನ ಒಳಗೇ ಇರುವ ಮಾದರಿಗಳು ಇದಕ್ಕಿಂತ ಎಷ್ಟೋ ವಾಸಿ. ಯೂಟಾ ರಾಜ್ಯದಲ್ಲಿ ತಯಾರಾಗುವ ಈಕ್ವಲೈಸರ್ ಹಿಚ್ ಇವುಗಳಲ್ಲಿ ತುಂಬ ಜನ ಬಳಸುವುದು. ಅದರ ಬಾರ್‌ಗಳು ಚೈನ್‌ನಲ್ಲಿ ನೇತಾಡುವುದಿಲ್ಲ, ಟ್ರೇಲರ್‌ನ ಎರಡು ಬ್ರಾಕೆಟ್ ಮೇಲೆ ಭಾರ ಹಾಕಿ ಕೂರುತ್ತವೆ. ಟ್ರೇಲರ್ ಅಲ್ಲಾಡಬೇಕಾದರೆ ಬಾರ್ ಬ್ರಾಕೆಟ್ ಮೇಲೆ ಉಜ್ಜಬೇಕು, ಇತ್ತ ಹಿಚ್ ತಲೆಯ ಎರಡು ಸಾಕೆಟ್ಟಿನಲ್ಲೂ ಉಜ್ಜಬೇಕು. ಒಟ್ಟು ನಾಲ್ಕು ಕಡೆ. ರಿವರ್ಸ್‌ಗೆ ಏನೂ ಬಿಚ್ಚಬೇಕಿಲ್ಲ. ತಿರುವಿನಲ್ಲಿ ಕಿರ್ರೆಂದು ಸದ್ದು ಮಾಡುತ್ತದೆ, ಕ್ಯಾಂಪ್‌ಗ್ರೌಂಡಿಗೆ ರಾತ್ರಿ ತಡವಾಗಿ ಬಂದರೆ ಅಕ್ಕಪಕ್ಕದವರಿಗೆಲ್ಲ ಗೊತ್ತಾಗುತ್ತದೆ.

ಆ್ಯಂಡರ್ಸನ್ ಹಿಚ್ ಬೇರೆ ದಾರಿ ಹಿಡಿದಿದೆ. ಅದರಲ್ಲಿ ಬಾಲ್ ತಾನೇ ತಿರುಗುತ್ತದೆ, ಅದರ ಬುಡ ಒಂದು ಶಂಕುವಿನಾಕಾರದ ಬ್ರೇಕ್ ಸಾಮಗ್ರಿಯೊಳಗೆ ಉಜ್ಜುತ್ತದೆ. ಭಾರ ಹಂಚಲು ಸ್ಪ್ರಿಂಗ್ ಬಾರ್ ಬದಲು ಚೈನ್ ಮತ್ತು ಯುರಿಥೇನ್ ಬುಷ್. ಹಗುರ, ಸದ್ದಿಲ್ಲ, ಗ್ರೀಸ್ ಕೊಳೆ ಇಲ್ಲ. ಬೆನ್ನು ನೋವಿನವರಿಗೆ ಇದೇ ಇಷ್ಟವಾಗುವುದು ಸಹಜ. ಆದರೆ ಟಂಗ್ ವೆಯ್ಟ್ ಜಾಸ್ತಿ ಇರುವ ಟ್ರೇಲರ್‌ನ ಭಾರವನ್ನು ಸ್ಪ್ರಿಂಗ್ ಬಾರ್‌ನಷ್ಟು ಚೆನ್ನಾಗಿ ಮುಂದಕ್ಕೆ ದಾಟಿಸುವುದಿಲ್ಲ.

ರೀಸ್ ಕಂಪನಿಯ ಡ್ಯುಯಲ್ ಕ್ಯಾಮ್ ಇವೆರಡಕ್ಕಿಂತ ಜಾಣ ಅಂತ ನನ್ನ ಅನಿಸಿಕೆ. ಬಾರ್ ತುದಿಯಲ್ಲಿ ಒಂದು ತಗ್ಗು, ಅದು ಟ್ರೇಲರ್ ಮೇಲಿನ ಕ್ಯಾಮ್ ಎಂಬ ಉಬ್ಬಿನ ಮೇಲೆ ಕೂರುತ್ತದೆ. ನೇರ ಓಡುವಾಗ ತಗ್ಗಿನಲ್ಲೇ ಇರುತ್ತದೆ. ಟ್ರೇಲರ್ ಸ್ವಲ್ಪ ತಿರುಗಲು ನೋಡಿದರೆ ಬಾರ್ ತಗ್ಗಿನಿಂದ ಮೇಲೆ ಹತ್ತಬೇಕು, ಹಾಗಾಗಿ ಅದು ಮತ್ತೆ ನಡುವಿಗೇ ತಳ್ಳುತ್ತದೆ. ನಿಜವಾದ ತಿರುವು ಬಂದಾಗ ಕ್ಯಾಮ್ ದಾಟಿ ಬಿಟ್ಟುಕೊಡುತ್ತದೆ. ಹೊಂದಿಸುವುದು ಮಾತ್ರ ತಾಳ್ಮೆಯ ಕೆಲಸ. ಅರ್ಧ ಇಂಚು ಆಚೀಚೆ ಆದರೂ ನಡುವು ತಪ್ಪುತ್ತದೆ.

ಇವೆಲ್ಲವುಗಳ ಮಿತಿ ಎರಡು. ಬಹಳಷ್ಟರಲ್ಲಿ ಉಜ್ಜುವ ಬಲ ಹುಟ್ಟುವುದೇ ಬಾಲ್ ಅಥವಾ ಬಾರ್ ಮೇಲಿನ ಭಾರದಿಂದ. ಮುಂಭಾರ ಕಡಿಮೆ ಇರುವ ಟ್ರೇಲರ್‌ಗೇ ಹಿಡಿತ ಜಾಸ್ತಿ ಬೇಕು, ಆದರೆ ಅದಕ್ಕೇ ಕಡಿಮೆ ಸಿಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಓಲಾಟದ ಅಗಲ ಎರಡರಷ್ಟಾದರೆ ಅದರೊಳಗಿನ ಶಕ್ತಿ ನಾಲ್ಕರಷ್ಟಾಗುತ್ತದೆ. ಫ್ರಿಕ್ಷನ್ ತಿನ್ನುವ ಶಕ್ತಿ ಎರಡರಷ್ಟು ಮಾತ್ರ ಆಗುತ್ತದೆ. ಚಿಕ್ಕ ಓಲಾಟವನ್ನು ಮೊಳಕೆಯಲ್ಲೇ ಚಿವುಟಲು ಫ್ರಿಕ್ಷನ್ ಒಳ್ಳೆಯದು. ಓಲಾಟ ದೊಡ್ಡದಾದ ಮೇಲೆ ಅದು ಹಿಂದೆ ಬೀಳುತ್ತಾ ಹೋಗುತ್ತದೆ. ದಿನವೂ ಇದೇ ಹಿಚ್ ಹಾಕಿ ಸುಖವಾಗಿ ಓಡಾಡುವವರು, ಒಂದು ದಿನ ಗಾಳಿಗೆ ಸಿಕ್ಕಿ ‘ಹಿಚ್ ಇದ್ದರೂ ಯಾಕೆ ಹೀಗಾಯ್ತು’ ಅನ್ನುವುದು ಇದರಿಂದಲೇ.

ಲಿಂಕೇಜ್ ಹಿಚ್ ಮಾಡುವುದು ಬೇರೆಯೇ ಕೆಲಸ

ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೇ ಸಿಕ್ಕಿಸುವ ಫಿಫ್ತ್ ವೀಲ್ ಟ್ರೇಲರ್‌ಗಳು ಅಷ್ಟಾಗಿ ಓಲಾಡುವುದಿಲ್ಲ. ಅವುಗಳ ಪಿನ್ ಕೂರುವುದು ಪಿಕಪ್ಪಿನ ಹಿಂದಿನ ಆ್ಯಕ್ಸಲ್‌ನ ನೇರ ಮೇಲೆ ಅಥವಾ ತುಸು ಮುಂದೆ. ಐದು ಅಡಿಯ ಸನ್ನೆಗೋಲೇ ಇಲ್ಲ. ಟ್ರಾವೆಲ್ ಟ್ರೇಲರ್‌ನ ಬಾಲನ್ನು ಹಾಗೆ ಆ್ಯಕ್ಸಲ್ ಮೇಲಕ್ಕೆ ಒಯ್ಯಲು ಆಗುವುದಿಲ್ಲ. ಪುಲ್‌ರೈಟ್ ಕಂಪನಿ ಬಾಲ್ ಕೂತ ಬಾರನ್ನು ವಾಹನದ ಅಡಿಗೆ ತೂರಿಸಿ, ತಿರುಗುವ ಜಾಗವನ್ನು ನಿಜವಾಗಿಯೇ ಆ್ಯಕ್ಸಲ್ ಹತ್ತಿರಕ್ಕೆ ಒಯ್ದ ಹಿಚ್ ಒಂದನ್ನು ಮಾಡಿತ್ತು. ಒಳ್ಳೆಯ ಉಪಾಯ. ಆದರೆ ವಾಹನದ ಅಡಿಯಲ್ಲಿ ಅಷ್ಟು ಜಾಗ ಬೇಕು.

ಜಿಮ್ ಹೆನ್ಸ್ಲಿ ಎಂಬ ಅಮೆರಿಕದ ವಿನ್ಯಾಸಗಾರ ಅದೇ ಫಲವನ್ನು ಏನನ್ನೂ ವಾಹನದಡಿಗೆ ತೂರಿಸದೆ ಪಡೆದರು. ಅವರ ಹೆಸರಿನ ಹೆನ್ಸ್ಲಿ ಆ್ಯರೋ ಹಿಚ್ ಮೊದಲು ಬಂತು. ಆಮೇಲೆ ಅವರದೇ ವಿನ್ಯಾಸದ ಪ್ರೋಪ್ರೈಡ್ 3ಪಿ ಬಂತು. ಎರಡೂ ಮಿಷಿಗನ್ ರಾಜ್ಯದ ಕಂಪನಿಗಳು.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಅಡುಗೆಮನೆ ಮೇಜಿನ ಮೇಲೇ ನೋಡಬಹುದು. ದಪ್ಪ ರಟ್ಟಿನಿಂದ ನಾಲ್ಕು ಪಟ್ಟಿ ಕತ್ತರಿಸಿ. ಮುಂದಿನ ಪಟ್ಟಿಯಲ್ಲಿ 2 ಇಂಚು ಅಂತರದಲ್ಲಿ ಎರಡು ತೂತು. ಅದು ನಮ್ಮ ವಾಹನ. ಹಿಂದಿನ ಪಟ್ಟಿಯಲ್ಲಿ 3 ಇಂಚು ಅಂತರದಲ್ಲಿ ಎರಡು ತೂತು. ಅದು ಟ್ರೇಲರ್. ಉಳಿದ ಎರಡು ಪಟ್ಟಿಗಳಲ್ಲಿ 4 ಇಂಚು ಅಂತರಕ್ಕೆ ತೂತು ಮಾಡಿ, ಮುಂದಿನದಕ್ಕೂ ಹಿಂದಿನದಕ್ಕೂ ಎಡಗಡೆ ಒಂದು, ಬಲಗಡೆ ಒಂದು ಪಿನ್ ಚುಚ್ಚಿ ಸೇರಿಸಿ. ಈ ಎರಡು ಪಕ್ಕದ ಪಟ್ಟಿಗಳು ಮುಂದಕ್ಕೆ ಹೋದಂತೆ ಹತ್ತಿರವಾಗುತ್ತವೆ. ಅವುಗಳ ಗೆರೆಯನ್ನು ಹಾಗೇ ಮುಂದುವರಿಸಿದರೆ ಮುಂದಿನ ಪಟ್ಟಿಗಿಂತ ಸುಮಾರು 8 ಇಂಚು ಮುಂದೆ ಕೂಡುತ್ತವೆ.

ಈಗ ಹಿಂದಿನ ಪಟ್ಟಿಯ ನಡುವಿಗೆ ಒಂದು ಉದ್ದ ಊದುಬತ್ತಿ ಕಡ್ಡಿ ಅಂಟಿಸಿ, ಅದು ನೇರ ಮುಂದಕ್ಕೆ ಚಾಚಿರಲಿ. ಮುಂದಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಹಿಂದಿನ ಪಟ್ಟಿಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ. ಕಡ್ಡಿಯನ್ನು ನೋಡುತ್ತಿರಿ. ಗೆರೆಗಳು ಕೂಡುವ ಜಾಗದಲ್ಲಿ ಅದು ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಅಲ್ಲಿ ಪಿನ್ ಇಲ್ಲ, ಏನೂ ಇಲ್ಲ. ಆದರೂ ಟ್ರೇಲರ್ ಅಲ್ಲೇ ಮೊಳೆ ಹೊಡೆದಂತೆ ತಿರುಗುತ್ತದೆ. ಹಿಚ್ಚಿನಲ್ಲಿ ಈ ಜಾಗ ನಾಲ್ಕು ಅಡಿಗಿಂತ ಮುಂದೆ, ವಾಹನದ ಹಿಂದಿನ ಆ್ಯಕ್ಸಲ್ ಹತ್ತಿರ ಬೀಳುವಂತೆ ಅಳತೆ ಇಟ್ಟಿರುತ್ತಾರೆ.

ಬಲದ ಲೆಕ್ಕವೂ ಇದನ್ನೇ ಹೇಳುತ್ತದೆ. ಎರಡೂ ತುದಿಯಲ್ಲಿ ಪಿನ್ ಮೇಲೆ ತಿರುಗುವ ಪಟ್ಟಿ ತನ್ನ ಉದ್ದಕ್ಕಷ್ಟೇ ಬಲ ದಾಟಿಸಬಲ್ಲದು. ಎರಡು ಪಟ್ಟಿಗಳ ಬಲ ಒಟ್ಟಾದರೆ ಅದು ಗೆರೆಗಳು ಕೂಡುವ ಜಾಗದ ಮೂಲಕವೇ ಹಾಯಬೇಕು. ಹಾಗಾಗಿ ಟ್ರೇಲರ್ 100 ಪೌಂಡ್ ಅಡ್ಡ ತಳ್ಳಿದರೆ ಅದು ಬೀಳುವುದು ಹಿಂದಿನ ಆ್ಯಕ್ಸಲ್ ಮೇಲೆ. ಹಿಂದಿನ ಟೈರ್‌ಗೆ ಸುಮಾರು 100, ಮುಂದಿನ ಟೈರ್‌ಗೆ ಹತ್ತಿರ ಹತ್ತಿರ ಸೊನ್ನೆ. ಮೊದಲಿನ 150 ಮತ್ತು 50ರ ಜೊತೆ ಇಟ್ಟು ನೋಡಿ. ವಾಹನವನ್ನು ತಿರುಗಿಸುವ ಬಲ ಇಲ್ಲ. ಒಬ್ಬರಿಗೊಬ್ಬರು ಕುಮ್ಮಕ್ಕು ಕೊಡುವ ಸರಪಳಿ ಅಲ್ಲೇ ತುಂಡಾಯಿತು.

ಹಾಗಾದರೆ ತಿರುವಿನಲ್ಲಿ ಟ್ರೇಲರ್ ಹೇಗೆ ತಿರುಗುತ್ತದೆ? ರಟ್ಟಿನ ಮಾದರಿಯಲ್ಲಿ ಈಗ ಮುಂದಿನ ಪಟ್ಟಿಯನ್ನು ತಿರುಗಿಸಿ. ಪಕ್ಕದ ಪಟ್ಟಿಗಳು ಓರೆಯಾಗುತ್ತವೆ, ಕೂಡುವ ಜಾಗವೂ ಪಕ್ಕಕ್ಕೆ ಸರಿಯುತ್ತದೆ, ಹಿಂದಿನ ಪಟ್ಟಿ ಹಿಂಬಾಲಿಸುತ್ತದೆ. ಪೆಟ್ರೋಲ್ ಬಂಕಿನ ಚೂಪು ತಿರುವಿಗೂ ಅಡ್ಡಿಯಿಲ್ಲ.

ಕಬ್ಬಿಣದಲ್ಲಿ ಇದು ಹೀಗಿರುತ್ತದೆ. ಒಂದು ದೊಡ್ಡ ಹಿಚ್ ತಲೆ ಟ್ರೇಲರ್‌ನಲ್ಲೇ ಉಳಿಯುತ್ತದೆ. ಟ್ರೇಲರ್‌ನ ಕಪ್ಲರ್, ಅಂದರೆ ಬಾಲನ್ನು ಹಿಡಿಯುವ ಬಾಯಿ, ಅದರ ಮೇಲಿನ ಬಾಲ್ ಮೇಲೆ ಕೂತಿರುತ್ತದೆ, ಆದರೆ ಓಡುವಾಗ ಆ ಬಾಲ್ ಮೇಲೆ ಟ್ರೇಲರ್ ಪಕ್ಕಕ್ಕೆ ತಿರುಗದಂತೆ ಹಿಚ್ ತಲೆಯನ್ನು ಟ್ರೇಲರ್‌ನ ಚೌಕಟ್ಟಿಗೆ ಬಿಗಿದಿರುತ್ತಾರೆ. ಹೆನ್ಸ್ಲಿಯಲ್ಲಿ ಇದಕ್ಕೆ ಎರಡು ಪಕ್ಕದ ಸ್ಟ್ರಟ್ ಎಂಬ ಆಧಾರದ ಸರಳು, ಪ್ರೋಪ್ರೈಡ್‌ನಲ್ಲಿ ಯೋಕ್ ಎಂಬ ಒಂದು ಚೌಕಟ್ಟು. ತಿರುಗುವ ಕೆಲಸವೆಲ್ಲ ತಲೆಯೊಳಗಿನ ಲಿಂಕ್‌ಗಳದು. ವಾಹನದ ಹಿಂದೆ ಬಂಪರ್ ಕೆಳಗಿರುವ ರಿಸೀವರ್ ಎಂಬ ಚೌಕ ಕೊಳವೆಯಲ್ಲಿ ಸ್ಟಿಂಗರ್ ಎಂಬ ದಪ್ಪ ಬಾರ್ ಇರುತ್ತದೆ. ರಿವರ್ಸ್ ಬಂದು ಅದನ್ನು ಹಿಚ್ ತಲೆಯ ಬಾಯಿಗೆ ತೂರಿಸಿ, ಎರಡು ಲ್ಯಾಚ್ ಹಾಕಿದರೆ ಮುಗಿಯಿತು. ಭಾರ ಹಂಚಲು ಸ್ಪ್ರಿಂಗ್ ಬಾರ್ ಇದರಲ್ಲೂ ಇದೆ, ಸ್ಕ್ರೂ ಜಾಕ್‌ನಿಂದ ಬಿಗಿಯುವಂಥದ್ದು. ಅಂದರೆ ಮೇಲೆ ಹೇಳಿದ ಎರಡು ತೊಂದರೆಗೂ ಒಂದೇ ಕಡೆ ಮದ್ದು.

ಇಷ್ಟು ಹೇಳಿದ ಮೇಲೆ ಕಷ್ಟಗಳನ್ನೂ ಹೇಳಬೇಕು. ಬೆಲೆ ಸುಮಾರು 3,000 ಡಾಲರ್ ಮತ್ತು ಅದರ ಮೇಲೆ. ಒಳ್ಳೆಯ ಫ್ರಿಕ್ಷನ್ ಹಿಚ್ 600ರಿಂದ 1,000 ಡಾಲರ್‌ಗೆ ಬರುತ್ತದೆ. ತೂಕ 200 ಪೌಂಡ್ ಹತ್ತಿರ, ಅದಷ್ಟೂ ಸ್ಟಿಕರ್ ಲೆಕ್ಕಕ್ಕೆ ಸೇರುತ್ತದೆ. ಒಬ್ಬ ದೊಡ್ಡ ಮನುಷ್ಯನನ್ನು ಬಂಪರ್ ಹಿಂದೆ ಕೂರಿಸಿಕೊಂಡು ಹೋದಷ್ಟು. ಸ್ಟಿಂಗರ್ ಬಾಯಿಗೆ ಕೂರಬೇಕಾದರೆ ಎತ್ತರ, ಎಡಬಲ ಮಾತ್ರವಲ್ಲ, ಕೋನವೂ ಸರಿ ಇರಬೇಕು. ಸಮತಟ್ಟಾದ ಜಾಗದಲ್ಲಿ ಎರಡು ನಿಮಿಷದ ಕೆಲಸ, ಕಾಡಿನ ಓರೆ ಸೈಟಿನಲ್ಲಿ ಬೆವರಿಳಿಸುತ್ತದೆ. ಹೆನ್ಸ್ಲಿಯ ಸ್ಟಿಂಗರ್ ಕೆಳಕ್ಕೆ ಇಳಿಯುವ ಅಳತೆ ನಿಮ್ಮ ವಾಹನದ ಎತ್ತರಕ್ಕೆ ತಕ್ಕಂತೆ ಬರುತ್ತದೆ, ವಾಹನ ಬದಲಿಸಿದರೆ ಹೊಸದು ಬೇಕಾಗಬಹುದು. ಪ್ರೋಪ್ರೈಡ್‌ನದು ಎತ್ತರ ಬದಲಿಸಿಕೊಳ್ಳುವಂಥದ್ದು. ಗ್ರೀಸ್ ಹಾಕುತ್ತಿರಬೇಕು.

ಇನ್ನೊಂದು ವಿಷಯವನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ. ಅಡ್ಡತಳ್ಳು ಆ್ಯಕ್ಸಲ್ ಹತ್ತಿರ ಬಿದ್ದಂತೆ ಆಗಬೇಕಾದರೆ ಸ್ಟಿಂಗರ್ ಮತ್ತು ರಿಸೀವರ್ ಆ ತಿರುಚನ್ನು ತಾಳಿಕೊಳ್ಳಬೇಕು. ಸಾದಾ ಬಾಲ್‌ಗಿಂತ ಇಲ್ಲಿ ರಿಸೀವರ್‌ಗೆ ಪಕ್ಕದ ಹೊರೆ ಜಾಸ್ತಿ. ರಿಸೀವರ್ ಸಡಿಲ ಇದ್ದರೆ ಆ ಸಡಿಲದಷ್ಟು ಓಲಾಟ ಉಳಿದೇ ಉಳಿಯುತ್ತದೆ. ಸ್ಟಿಂಗರ್ ಅಲ್ಲಾಡದಂತೆ ಶಿಮ್ ಎಂಬ ತೆಳು ತಗಡು ಅಥವಾ ಬೆಣೆ ಹಾಕಿ ಬಿಗಿ ಮಾಡಿ. ರಿಸೀವರ್‌ನ ಬೆಸುಗೆಯಲ್ಲಿ ಬಿರುಕು ಇದೆಯೇ ಅಂತ ವರ್ಷಕ್ಕೊಮ್ಮೆಯಾದರೂ ಅಡಿಗೆ ನುಸುಳಿ ನೋಡಿ.

ಎಲೆಕ್ಟ್ರಾನಿಕ್ ಸಹಾಯ

ಈಗಿನ ಪಿಕಪ್‌ಗಳಲ್ಲಿ ಟ್ರೇಲರ್ ಸ್ವೇ ಕಂಟ್ರೋಲ್ ಬಂದೇ ಇರುತ್ತದೆ. ಓಲಾಟ ಕಂಡಾಗ ಎಂಜಿನ್ ಬಲ ತಗ್ಗಿಸಿ, ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕುತ್ತದೆ. ಟ್ರೇಲರ್ ಕಡೆಯೇ ಕೂತು ಅದರ ಬ್ರೇಕ್ ಹಾಕುವ ಸಾಧನಗಳೂ ಇವೆ. ಇವು ಇರಲಿ, ಆಫ್ ಮಾಡಬೇಡಿ. ಆದರೆ ಇವು ಎಚ್ಚರಗೊಳ್ಳುವುದು ಓಲಾಟ ಶುರುವಾದ ಮೇಲೆ. ಕೊನೆಯ ಬೇಲಿ ಅಂದುಕೊಳ್ಳಿ. ಇದು ಇದೆಯಲ್ಲ ಅಂತ ಹಿಚ್ಚಿನಲ್ಲಿ ಉಳಿತಾಯ ಮಾಡುವುದು ಸರಿಯಲ್ಲ.

ಯುರೋಪಿನಲ್ಲಿರುವವರಿಗೆ ಒಂದು ಮಾತು. ಅಲ್ಲಿನ ಕ್ಯಾರವಾನ್‌ಗಳು ಹಗುರ, ಬಾಲ್ ಮೇಲಿನ ಭಾರವೂ ಕಡಿಮೆ, ವೇಗದ ಮಿತಿಯೂ ಕಡಿಮೆ. ಭಾರ ಹಂಚುವ ಹಿಚ್ ಅಲ್ಲಿ ಬಳಕೆಯಲ್ಲಿಲ್ಲ. ಬಾಲನ್ನೇ ಫ್ರಿಕ್ಷನ್ ಪ್ಯಾಡ್‌ನಿಂದ ಒತ್ತಿ ಹಿಡಿಯುವ ಆಲ್‌ಕೋ ಬಗೆಯ ಸ್ಟೆಬಿಲೈಸರ್ ನಡೆಯುತ್ತದೆ. ಆ ಬಾಲ್‌ಗೆ ಗ್ರೀಸ್ ಹಚ್ಚಬಾರದು. ಈ ಲೇಖನದ ಲೆಕ್ಕಗಳು ಉತ್ತರ ಅಮೆರಿಕದ ಟ್ರೇಲರ್‌ಗಳಿಗೆ.

ಯಾರಿಗೆ ಯಾವುದು

ಟ್ರೇಲರ್ 20 ಅಡಿ ಒಳಗೆ, 4,000 ಪೌಂಡ್ ಆಸುಪಾಸು, ಎಳೆಯುವುದು ಪಿಕಪ್: ಒಳ್ಳೆಯ ಬಾಲ್ ಮೌಂಟ್ (ಬಾಲ್ ಕೂರಿಸುವ ಸಾದಾ ಬಾರ್), ಬೇಕಿದ್ದರೆ ಒಂದು ಫ್ರಿಕ್ಷನ್ ಬಾರ್. ಉಳಿದ ದುಡ್ಡನ್ನು ಒಳ್ಳೆಯ ಟೈರ್‌ಗೆ ಮತ್ತು ವಾಹನದಿಂದಲೇ ಟ್ರೇಲರ್‌ನ ಬ್ರೇಕ್ ಹಾಕುವ ಬ್ರೇಕ್ ಕಂಟ್ರೋಲರ್‌ಗೆ ಹಾಕಿ.

22ರಿಂದ 27 ಅಡಿ, 5,000ದಿಂದ 7,000 ಪೌಂಡ್, ಹಾಫ್ ಟನ್ ಪಿಕಪ್: ಜಾಸ್ತಿ ಕುಟುಂಬಗಳು ಬರುವುದು ಇಲ್ಲಿಗೆ. ಈಕ್ವಲೈಸರ್ ಅಥವಾ ಡ್ಯುಯಲ್ ಕ್ಯಾಮ್ ಸಾಕು. ಸರಿಯಾಗಿ ಹೊಂದಿಸಿದ 800 ಡಾಲರ್ ಹಿಚ್, ತಪ್ಪಾಗಿ ಹೊಂದಿಸಿದ 3,000 ಡಾಲರ್ ಹಿಚ್‌ಗಿಂತ ಮೇಲು. ವರ್ಷಕ್ಕೆ ಎರಡು ಮೂರು ಸಲ ಹತ್ತಿರದ ಸ್ಟೇಟ್ ಪಾರ್ಕ್‌ಗೆ ಹೋಗುವವರು ಲಿಂಕೇಜ್ ಹಿಚ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಟ್ರೇಲರ್ 28 ಅಡಿ ದಾಟಿದೆ, ಅಥವಾ ಎಳೆಯುವುದು ಗಿಡ್ಡ ವೀಲ್‌ಬೇಸ್‌ನ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಕಡಿಮೆ ಇರುವ) ಎಸ್‌ಯುವಿ, ಬೇಸಗೆಯೆಲ್ಲ ಬಯಲು ರಾಜ್ಯಗಳ ಗಾಳಿಯಲ್ಲಿ ದೂರ ಓಡಾಟ: ಲಿಂಕೇಜ್ ಹಿಚ್ಚಿಗೆ ಕೊಟ್ಟ ದುಡ್ಡು ಮೈಲಿ ಮೈಲಿಗೂ ಗೊತ್ತಾಗುತ್ತದೆ. ಟ್ರಕ್ ಪಕ್ಕದಲ್ಲಿ ಹಾದಾಗ ವಾಹನವೂ ಟ್ರೇಲರ್ ಕೂಡ ಒಟ್ಟಿಗೆ ತುಸು ಸರಿಯುತ್ತವೆ, ಆಮೇಲೆ ಏನೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ಓಡಿಸಬಹುದು, ಸಂಜೆ ತಲುಪಿದಾಗ ಭುಜ ಬಿಗಿದಿರುವುದಿಲ್ಲ. ಹಳೆಯದು ಸಿಕ್ಕರೂ ನೋಡಿ. ಲಿಂಕ್‌ಗಳ ಬೇರಿಂಗ್ ಸಡಿಲ ಇದೆಯೇ, ಬೆಸುಗೆ ಬಿರುಕು ಬಿಟ್ಟಿದೆಯೇ ಪರೀಕ್ಷಿಸಿ ಕೊಳ್ಳಿ.

ಆದರೆ ವಾಹನಕ್ಕೆ ಮೀರಿದ ಟ್ರೇಲರ್ ಎಳೆಯಲು ಈ ಹಿಚ್ ಪರವಾನಗಿ ಅಲ್ಲ. ಓಲಾಟ ನಿಂತ ಮಾತ್ರಕ್ಕೆ ಬ್ರೇಕ್ ದೊಡ್ಡದಾಗುವುದಿಲ್ಲ, ಆ್ಯಕ್ಸಲ್ ಗಟ್ಟಿಯಾಗುವುದಿಲ್ಲ. ಸ್ಟಿಕರ್ ಲೆಕ್ಕ ಮೀರುತ್ತಿದ್ದರೆ ಚಿಕ್ಕ ಟ್ರೇಲರ್ ತೆಗೆದುಕೊಳ್ಳಿ. ಎಸ್‌ಯುವಿ ಇದ್ದವರು ವಾಹನದ ಕೈಪಿಡಿಯನ್ನು ಮೊದಲು ಓದಿ. ಕೆಲವದರಲ್ಲಿ ಭಾರ ಹಂಚುವ ಹಿಚ್ ಬಳಸಲೇಬೇಡಿ ಅಂತ ಬರೆದಿರುತ್ತದೆ. ಲಿಂಕೇಜ್ ಹಿಚ್ ಕೂಡ ಅದೇ ಜಾತಿ.

ಹಾಕಿದ ಮೇಲೆ ತೂಕ ನೋಡಿ

ಕಣ್ಣಳತೆಯಲ್ಲಿ ‘ಸಮ ಕಾಣ್ತಿದೆ’ ಅಂದರೆ ಸಾಲದು. ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಕಟ್ಟೆ ಇರುತ್ತದೆ. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರ್ ಮೂರಕ್ಕೂ ಬೇರೆ ಬೇರೆ ತೂಕ ಕೊಡುತ್ತದೆ. ಮೂರು ಸಲ ತೂಗಿಸಿ: ಬಾರ್ ಬಿಗಿದು, ಬಾರ್ ಬಿಚ್ಚಿ, ಟ್ರೇಲರ್ ಬಿಟ್ಟು ವಾಹನ ಮಾತ್ರ. ಎರಡನೆಯ ತೂಕದಲ್ಲಿ ವಾಹನದ ಎರಡು ಆ್ಯಕ್ಸಲ್‌ಗಳ ಮೊತ್ತದಿಂದ ವಾಹನದ ಸ್ವಂತ ತೂಕ ಕಳೆದರೆ ನಿಜವಾದ ಟಂಗ್ ವೆಯ್ಟ್ ಸಿಗುತ್ತದೆ.

ಮುಂದಿನ ಆ್ಯಕ್ಸಲ್ ವಾಹನ ಮಾತ್ರ ಇದ್ದಾಗ 3,000 ಪೌಂಡ್, ಬಾರ್ ಬಿಚ್ಚಿ ಟ್ರೇಲರ್ ಹಾಕಿದಾಗ 2,600 ಇತ್ತು ಅನ್ನಿ. ಬಾರ್ ಬಿಗಿದಾಗ ಕಳೆದ 400ರಲ್ಲಿ ಎಷ್ಟು ವಾಪಸ್ ಬರಬೇಕು ಅನ್ನುವುದು ವಾಹನದ ಕೈಪಿಡಿಯಲ್ಲಿರುತ್ತದೆ. ಅರ್ಧ ಅಂತ ಇದ್ದರೆ 2,800ಕ್ಕೆ ಹೊಂದಿಸಿ. ಹೆಚ್ಚು ಬಿಗಿದರೆ ಹಿಂದಿನ ಟೈರ್ ಹಗುರಾಗಿ ಹಿಡಿತ ಕಳೆದುಕೊಳ್ಳುತ್ತದೆ, ಅದು ಓಲಾಟಕ್ಕೆ ದಾರಿ. ಟೈರ್ ಗಾಳಿಯನ್ನು ಬೆಳಿಗ್ಗೆ, ಓಡಿಸುವ ಮೊದಲು, ತಣ್ಣಗಿದ್ದಾಗ ನೋಡಿ. ಮೆತ್ತಗಿನ ಟೈರ್ ಪಕ್ಕಕ್ಕೆ ಬಾಗುತ್ತದೆ.

ಕ್ಯಾಂಪಿಗೆ ಹೊರಡುವ ಮೊದಲು ಖಾಲಿ ಪಾರ್ಕಿಂಗ್ ಜಾಗದಲ್ಲಿ ಮೆಲ್ಲಗೆ ಓಡಿಸುತ್ತಾ ಬ್ರೇಕ್ ಕಂಟ್ರೋಲರ್‌ನ ಕೈ ಗುಂಡಿಯನ್ನು ಒತ್ತಿ ಅಭ್ಯಾಸ ಮಾಡಿ. ಟ್ರೇಲರ್ ಹಿಂದಿನಿಂದ ಹಿಡಿದೆಳೆದಂತೆ ಆಗಬೇಕು. ಗುಂಡಿ ಎಲ್ಲಿದೆ ಅಂತ ಕಣ್ಣು ಹಾಯಿಸದೆ ಕೈ ಹೋಗುವಷ್ಟು ರೂಢಿಯಾಗಲಿ. ರಸ್ತೆಯಲ್ಲಿ ಓಲಾಟ ಬಂದರೆ ಮಾಡಬೇಕಾದ್ದು ಇದೇ. ಸ್ಟೀರಿಂಗ್ ನೇರ ಹಿಡಿಯಿರಿ, ಓಲಾಟಕ್ಕೆ ಎದುರಾಗಿ ತಿರುಗಿಸಬೇಡಿ. ಆ್ಯಕ್ಸಲರೇಟರ್‌ನಿಂದ ಕಾಲು ತೆಗೆಯಿರಿ. ವಾಹನದ ಬ್ರೇಕ್ ಒತ್ತಬೇಡಿ. ಟ್ರೇಲರ್‌ನ ಬ್ರೇಕ್ ಮಾತ್ರ ಕೈಯಿಂದ ಹಾಕಿ. ನಿಂತ ಮೇಲೆ ರಸ್ತೆ ಬದಿಗೆ ಸುರಕ್ಷಿತ ಜಾಗಕ್ಕೆ ಹೋಗಿ ಟೈರ್, ಹಿಚ್, ಒಳಗಿನ ಸಾಮಾನು ಸರಿದಿದೆಯೇ ನೋಡಿ. ಕಾರಣ ಸಿಗಲಿ ಬಿಡಲಿ, ಮುಂದಿನ ದಾರಿ 10 ಮೈಲಿ ಕಡಿಮೆ ವೇಗದಲ್ಲಿ.